ಹುಬ್ಬಳ್ಳಿಯ ತರಗತಿಯಲ್ಲೊಂದು ಪರದೆ

ನೀವು ಎಂದಾದರೂ ಹುಬ್ಬಳ್ಳಿಗೆ ಬಂದಿದ್ದೀರಾ? ರೈಲಿನಲ್ಲಿ ಬಂದಿದ್ದರೆ ನಮ್ಮ ನಿಲ್ದಾಣದ ಪ್ಲಾಟ್‌ಫಾರ್ಮ್ ನಿಮಗೆ ಮರೆತಿರಲಿಕ್ಕಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅದರ ಉದ್ದ 1,507 ಮೀಟರ್. ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಎಂಬ ಹೆಮ್ಮೆ ನಮ್ಮದು. ಆದರೆ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು ನಡೆಯುವ ತಾಯಿಗೆ ಆ ಹೆಮ್ಮೆ ಅರ್ಧ ದಾರಿಗೇ ಮುಗಿಯುತ್ತದೆ!

ನಿಲ್ದಾಣದಿಂದ ಹೊರಬಂದರೆ ಆಟೋಗಳ ಸಾಲು. ಸ್ವಲ್ಪ ಮುಂದೆ ಕಿತ್ತೂರು ಚೆನ್ನಮ್ಮನ ವೃತ್ತ. ದುರ್ಗದ ಬೈಲಿಗೆ ಬಂದರೆ ಗಿರಮಿಟ್ಟು, ಮಿರ್ಚಿಯ ಘಮ. ಬಂದ ನೆಂಟರನ್ನು ನಾವು ಉಣಕಲ್ ಕೆರೆಗೆ, ಇಂದಿರಾ ಗಾಜಿನ ಮನೆಗೆ ಕರೆದುಕೊಂಡು ಹೋಗುತ್ತೇವೆ. ಇವತ್ತು ನಿಮ್ಮನ್ನು ನಾನು ಹಳೇ ಹುಬ್ಬಳ್ಳಿಯ ಒಂದು ಶಾಲೆಗೆ ಕರೆದೊಯ್ಯುತ್ತೇನೆ. ಇಕ್ಕಟ್ಟಾದ ಓಣಿ, ಎರಡೂ ಬದಿ ಹೆಂಚಿನ ಮನೆಗಳು, ಎಲ್ಲೋ ಒಂದು ಕಡೆ ಹೊಲಿಗೆ ಯಂತ್ರದ ಸದ್ದು. ಓಣಿಯ ತುದಿಗೆ ನಮ್ಮ ಶಾಲೆ. ನಾನು ಅಲ್ಲಿ ಇಪ್ಪತ್ತು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ.

ಮೇಲಿನ ಮಹಡಿಯ ಮೂಲೆಯ ಕೋಣೆಗೆ ಬನ್ನಿ. ಕಿಟಕಿಗೆ ಕಡು ನೀಲಿ ಬಣ್ಣದ ದಪ್ಪ ಚಾದರ ಇಳಿಬಿಟ್ಟಿದ್ದೇವೆ. ಅದನ್ನು ಕೊಟ್ಟದ್ದು ಒಬ್ಬ ವಿದ್ಯಾರ್ಥಿನಿಯ ತಾಯಿ. ಎದುರಿನ ಗೋಡೆಗೆ ಬಿಳಿ ಸುಣ್ಣ. ಮೇಜಿನ ಮೇಲೆ ಹಳೆಯ ವಿದ್ಯಾರ್ಥಿಗಳು ಸೇರಿ ಕೊಡಿಸಿದ ಪ್ರೊಜೆಕ್ಟರ್. ಇದೇ ನಮ್ಮ ವೀಡಿಯೋ ಕೋಣೆ. ನೋಡಲು ಏನೂ ವಿಶೇಷವಿಲ್ಲ. ಆದರೆ ನಾನು ಶಿಕ್ಷಕಿಯಾಗಿ ಮಾಡಿದ ಅತಿ ದೊಡ್ಡ ತಪ್ಪನ್ನೂ, ಕಲಿತ ಅತಿ ದೊಡ್ಡ ಪಾಠವನ್ನೂ ಈ ಕೋಣೆಯಿಂದಲೇ ಹೇಳಲು ಆರಂಭಿಸಬೇಕು.

ವಿಜ್ಞಾನ ಬಾರದ ಟೀಚರ್

ನಾನು ಮದ್ರಸದಲ್ಲಿ ಕಲಿತವಳು. ಆಮೇಲೆ ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆ ಕಟ್ಟಿದೆ. ಕನ್ನಡ, ಉರ್ದು, ಸಮಾಜ ಪಾಠಗಳೆಂದರೆ ಧೈರ್ಯ. 2018ರಲ್ಲಿ ನಮ್ಮ ವಿಜ್ಞಾನದ ಶಿಕ್ಷಕಿ ಮದುವೆಯಾಗಿ ಬೇರೆ ಊರಿಗೆ ಹೋದರು. ಹೊಸಬರು ಸಿಗುವ ತನಕ ಆರು ಮತ್ತು ಏಳನೇ ತರಗತಿಯ ವಿಜ್ಞಾನವನ್ನು ನೀವೇ ನೋಡಿಕೊಳ್ಳಿ ಎಂದರು. ಹೊಸಬರು ವರ್ಷವಿಡೀ ಸಿಗಲಿಲ್ಲ.

ಗೊತ್ತಿಲ್ಲದ ವಿಷಯವನ್ನು ಮಕ್ಕಳ ಮುಂದೆ ನಿಂತು ಹೇಳುವ ಭಯ ಎಂಥದೆಂದು ಶಿಕ್ಷಕಿಯರಿಗೆ ಗೊತ್ತು. ಆಗ ನನಗೆ ಹೊಳೆದದ್ದು ವೀಡಿಯೋ. ಜೀರ್ಣಾಂಗಗಳ ಬಗ್ಗೆ ಇಪ್ಪತ್ತೆರಡು ನಿಮಿಷದ ಒಂದು ವೀಡಿಯೋ ಹುಡುಕಿ ತಂದೆ. ಚಾದರ ಇಳಿಸಿ ಪ್ರೊಜೆಕ್ಟರ್ ಹಚ್ಚಿದೆ. ಸುಬ್ಹಾನಲ್ಲಾಹ್, ಎಂಥ ಮೌನ! ಐವತ್ತು ಮಕ್ಕಳು ಕಣ್ಣು ಮಿಟುಕಿಸದೆ ಕೂತರು. ನಾನು ಹಿಂದೆ ಕುರ್ಚಿಯಲ್ಲಿ ಕೂತು ನಿಟ್ಟುಸಿರು ಬಿಟ್ಟೆ.

ಮರುದಿನ, "ನಿನ್ನೆ ಏನು ನೋಡಿದಿರಿ?" ಎಂದು ಕೇಳಿದೆ. ಒಬ್ಬ ಹುಡುಗ ವೀಡಿಯೋದ ಹಿಂದೆ ಬರುತ್ತಿದ್ದ ಸಂಗೀತವನ್ನು ಬಾಯಲ್ಲಿ ನುಡಿಸಿ ತೋರಿಸಿದ. ಇನ್ನೊಬ್ಬಳಿಗೆ ರೊಟ್ಟಿ ತಿನ್ನುವ ಬೊಂಬೆಯ ನಗು ನೆನಪಿತ್ತು. ಹೊಟ್ಟೆಯಿಂದ ಆಹಾರ ಎಲ್ಲಿಗೆ ಹೋಗುತ್ತದೆಂದು ಒಬ್ಬರೂ ಹೇಳಲಿಲ್ಲ. ಹಿಂದಿನ ದಿನದ ಮೌನವನ್ನು ನಾನು ಕಲಿಕೆ ಎಂದು ತಿಳಿದಿದ್ದೆ. ಅದು ಬರೇ ಮೌನವಾಗಿತ್ತು.

ಇನ್ನೊಂದು ದಿನ ಇಂಟರ್‌ನೆಟ್‌ನಿಂದ ನೇರವಾಗಿ ವೀಡಿಯೋ ಹಾಕಿದ್ದೆ. ಪಾಠದ ನಡುವೆ ಮಕ್ಕಳ ಮುಂದೆ ಬರಬಾರದ ಒಂದು ಜಾಹೀರಾತು ಬಂತು. ಹುಡುಗರು ಮುಸಿಮುಸಿ ನಕ್ಕರು, ಹುಡುಗಿಯರು ತಲೆ ತಗ್ಗಿಸಿದರು. ನಾನು ಓಡಿಹೋಗಿ ಪ್ರೊಜೆಕ್ಟರ್‌ಗೆ ಕೈ ಅಡ್ಡ ಹಿಡಿದೆ. ಅಂದಿನಿಂದ ಮನೆಯಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡದ, ಮೊದಲೇ ಇಳಿಸಿಟ್ಟುಕೊಳ್ಳದ ಯಾವ ವೀಡಿಯೋವನ್ನೂ ತರಗತಿಯಲ್ಲಿ ಹಾಕಿಲ್ಲ.

ಏಳದ ಹೆಸರುಕಾಳು

ಬೀಜ ಮೊಳೆಯುವ ಪಾಠ ಬಂತು. ಕಾಳು ಬಿರಿದು, ಬೇರು ಇಳಿದು, ಎರಡು ಎಲೆ ಬಿಚ್ಚುವ ದೃಶ್ಯ. ಕೆಲವು ದಿನಗಳ ಬೆಳವಣಿಗೆಯನ್ನು ಒಂದು ನಿಮಿಷಕ್ಕೆ ಇಳಿಸಿದ ವೀಡಿಯೋ ಅದು. ಮಕ್ಕಳು "ಹೋ!" ಎಂದು ಕೂಗಿದರು. ನನಗೂ ಖುಷಿ.

ಮರುದಿನ ನೇಕಾರ ಮನೆತನದ ಒಬ್ಬ ಹುಡುಗ ಒದ್ದೆ ಬಟ್ಟೆಯ ಪುಟ್ಟ ಗಂಟು ಹಿಡಿದು ಬಂದ. ಒಳಗೆ ಹೆಸರುಕಾಳು.

"ಅಕ್ಕೋರ, ನಿಮ್ಮ ಟೀವ್ಯಾಗ ಒಂದ ನಿಮಿಷದಾಗ ಗಿಡಾ ಆತು. ನಾ ನಿನ್ನಿ ರಾತ್ರಿಯಿಂದ ನೋಡಾಕತ್ತೇನಿ, ನಂದು ಏಳವಲ್ದು."

ನಗು ಬಂತು. ನಂತರ ಹೆದರಿಕೆಯಾಯಿತು. ನಾನು ಈ ಮಗುವಿಗೆ ಸುಳ್ಳು ಹೇಳಿದ್ದೆ! ವೀಡಿಯೋದಲ್ಲಿ ಕಾಲವನ್ನು ಕುಗ್ಗಿಸಿದ್ದಾರೆ ಎಂಬ ಒಂದು ಮಾತನ್ನು ನಾನು ಹೇಳಿರಲಿಲ್ಲ. ಎಷ್ಟು ಮಕ್ಕಳು ಹೀಗೆಯೇ ತಿಳಿದು ಸುಮ್ಮನೆ ಕೂತಿದ್ದರೋ! ಇವನೊಬ್ಬ ಪ್ರಯೋಗ ಮಾಡಿ ನೋಡಿದ, ಹಾಗಾಗಿ ಗೊತ್ತಾಯಿತು.

ಮಧ್ಯಾಹ್ನ ಅವನ ತಾಯಿ ಊಟದ ಡಬ್ಬಿ ಕೊಡಲು ಬಂದಾಗ ಅವರನ್ನೇ ತರಗತಿಗೆ ಕರೆದೆ. ಮೊದಲು ನಾಚಿಕೊಂಡರು. ಆಮೇಲೆ ಬಾಗಿಲಲ್ಲೇ ನಿಂತು ಹೇಳಿದರು: "ಮಡಕಿ ಕಾಳು ರಾತ್ರಿ ನೆನಿ ಹಾಕಬೇಕ್ರಿ. ಮುಂಜಾನೆ ನೀರು ಬಸದು ಅರಿವ್ಯಾಗ ಕಟ್ಟಿ ಇಟ್ರ ಮರುದಿನ ಮೊಳಕಿ ಬರತಾವ. ಚಳಿಗಾಲದಾಗ ಇನ್ನೊಂದ ದಿನ ಹೆಚ್ಚು ಬೇಕು."

"ಚಳಿಗಾಲದಲ್ಲಿ ಯಾಕೆ ಹೆಚ್ಚು ದಿನ?" ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. ಇಂಥ ಪ್ರಶ್ನೆಯನ್ನು ಆ ವರ್ಷ ನನ್ನ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಎರಡು ಗಂಟು ಕಟ್ಟಿ, ಒಂದನ್ನು ಮನೆಯ ಒಲೆಯ ಹತ್ತಿರ, ಇನ್ನೊಂದನ್ನು ನೀರಿನ ಗಡಿಗೆಯ ಬಳಿ ಇಟ್ಟು ಬರಲು ಹೇಳಿದೆ. ಮೂರನೆಯ ದಿನ ಎಲ್ಲರೂ ತಂದು ಅಳೆದರು. ಒಲೆಯ ಬಳಿಯ ಮೊಳಕೆಗಳೇ ಹೆಚ್ಚಿನವರಲ್ಲಿ ಉದ್ದವಾಗಿದ್ದವು. ಆಮೇಲೆ ಅದೇ ವೀಡಿಯೋವನ್ನು ಮತ್ತೊಮ್ಮೆ ಹಾಕಿದೆ. ಈ ಸಲ ಮಕ್ಕಳೇ ನನ್ನನ್ನು ನಿಲ್ಲಿಸುತ್ತಿದ್ದರು: "ಇಲ್ಲಿ ನಿಲ್ಲಸ್ರಿ ಅಕ್ಕೋರ, ಇದು ಎರಡನೇ ದಿನದ್ದು!"

ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ

2019ರಲ್ಲಿ ಒಂದು ಕೆಲಸಕ್ಕೆಂದು ಧಾರವಾಡಕ್ಕೆ ಹೋಗಿದ್ದೆ. ಹುಬ್ಬಳ್ಳಿ ವ್ಯಾಪಾರದ ಊರು. ಇಪ್ಪತ್ತು ಕಿಲೋಮೀಟರ್ ಆಚೆಯ ಧಾರವಾಡ ವಿದ್ಯೆಯ ಊರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು, 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು ಅಲ್ಲಿ. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿಯಂತೂ ನಮ್ಮ ಕಡೆಯ ಮನೆಮನೆಯ ದನಿ. ರೇಡಿಯೋದ 'ಚುಕ್ಕಿ ಚಿನ್ನ', 'ಕೇಳಿ ಕಲಿ' ಪಾಠಗಳನ್ನು ಕೇಳಿ ಬೆಳೆದ ಮಕ್ಕಳು ಈಗ ತಾಯಂದಿರಾಗಿದ್ದಾರೆ. ಎರಡೂ ಊರುಗಳ ನಡುವೆ 2018ರಿಂದ ಚಿಗರಿ ಬಸ್ಸುಗಳು ಓಡಾಡುತ್ತಿವೆ. ತಮ್ಮದೇ ಪ್ರತ್ಯೇಕ ದಾರಿ, ತಣ್ಣನೆಯ ಗಾಳಿ. ಉಣಕಲ್, ನವನಗರ, ಸತ್ತೂರು ದಾಟಿ ಧಾರವಾಡ ಮುಟ್ಟಿದ್ದೇ ತಿಳಿಯುವುದಿಲ್ಲ.

ಅಲ್ಲಿ ಪರಿಚಯದವರ ಮನೆಯಲ್ಲಿ ಒಬ್ಬ ನಿವೃತ್ತ ಮಾಸ್ತರರು ಸಿಕ್ಕರು. ವೀಡಿಯೋ ಪಾಠದ ನನ್ನ ಅವಸ್ಥೆ ಕೇಳಿ, "ತಂಗಿ, ಇದು ಹೊಸಾದಲ್ಲ" ಎಂದು ನಕ್ಕರು. ಅವರು 1975ರಲ್ಲಿ ಆಗಿನ ಬಿಜಾಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೊಸದಾಗಿ ಮಾಸ್ತರಿಕೆಗೆ ಸೇರಿದ್ದವರು.

ಆ ವರ್ಷದ ಆಗಸ್ಟ್ 1ರಂದು ನಮ್ಮ ದೇಶದಲ್ಲಿ 'ಸೈಟ್' ಎಂಬ ಪ್ರಯೋಗ ಆರಂಭವಾಯಿತು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ. ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕೊಟ್ಟಿತ್ತು. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಹೋಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಆಯ್ಕೆಯಾಗಿದ್ದವು. ಕೆಲವು ಹಳ್ಳಿಗಳಿಗೆ ರೇಡಿಯೋ ಕೂಡ ಸರಿಯಾಗಿ ಬಾರದಿದ್ದ ಕಾಲವದು. ಕೋಳಿಗೂಡಿಗೆ ಬಳಸುವಂಥ ತಂತಿ ಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಛತ್ರಿ ಅದರ ಆಂಟೆನಾ. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆ ಪ್ರತಿ ಭಾಷೆಯಲ್ಲಿ ಇಪ್ಪತ್ತೆರಡೂವರೆ ನಿಮಿಷ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯದ ಕಾರ್ಯಕ್ರಮ. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ರಜೆಯ ದಿನಗಳಲ್ಲಿ ಸುಮಾರು 50 ಸಾವಿರ ಶಿಕ್ಷಕರಿಗೂ ಇದೇ ಟಿವಿಯ ಮೂಲಕ ವಿಜ್ಞಾನ ಬೋಧನೆಯ ತರಬೇತಿ ಸಿಕ್ಕಿತು.

"ಹುಡುಗರು ಟೀವಿ ನೋಡಿ ಬಾಯಿ ತಕ್ಕೊಂಡು ಕುಂಡ್ರತಿದ್ರು," ಎಂದರು ಮಾಸ್ತರರು. "ಟೀವಿ ಬಂದ್ ಆದ ಮ್ಯಾಲೆ ನಮ್ಮ ಕೆಲಸ ಸುರು. ಏನು ನೋಡಿದ್ಯೋ, ಹೇಳು ಅಂತ ಒಬ್ಬೊಬ್ಬನನ್ನ ಎಬ್ಬಿಸಿ ಕೇಳಬೇಕು. ಕೇಳಿದ ದಿನ ಉಳೀತಿತ್ತು, ಕೇಳದ ದಿನ ಹಾರಿ ಹೋಗತಿತ್ತು."

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಹೊರಟುಹೋಯಿತು. ಆಮೇಲೆ 2004ರ ಸೆಪ್ಟೆಂಬರ್‌ನಲ್ಲಿ ಭಾರತವೇ ಶಿಕ್ಷಣಕ್ಕೆಂದು 'ಎಜುಸ್ಯಾಟ್' ಉಪಗ್ರಹ ಹಾರಿಸಿತು. ನಮ್ಮ ರಾಜ್ಯದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. 2010ರಲ್ಲಿ ಅದರ ಆಯುಷ್ಯವೂ ಮುಗಿಯಿತು. ಉಪಗ್ರಹ, ಟಿವಿ, ಕಂಪ್ಯೂಟರ್ ಎಲ್ಲ ಬರುತ್ತವೆ, ಹಳತಾಗುತ್ತವೆ. "ಏನು ನೋಡಿದೆ, ಹೇಳು" ಎಂಬ ಮಾಸ್ತರರ ಮಾತಿಗೆ ಮಾತ್ರ ಐವತ್ತು ವರ್ಷವಾದರೂ ಮುಪ್ಪು ಬಂದಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ನನಗೆ ನನ್ನ ಮದ್ರಸ ನೆನಪಾಯಿತು. ರಾತ್ರಿ ಊಟವಾದ ಮೇಲೆ ನಾವು ಹುಡುಗಿಯರು ಇಬ್ಬಿಬ್ಬರಾಗಿ ಕೂತು ಹಗಲಿನ ಪಾಠವನ್ನು ಒಬ್ಬರಿಗೊಬ್ಬರು ಹೇಳಿ ಒಪ್ಪಿಸಬೇಕಿತ್ತು. ಇದಕ್ಕೆ 'ತಕ್ರಾರ್' ಎನ್ನುತ್ತಾರೆ. ಮತ್ತೆ ಮತ್ತೆ ಹೇಳುವುದು ಎಂದು ಅರ್ಥ. ಕನ್ನಡದಲ್ಲಿ ಇದೇ ಪದ 'ತಕರಾರು' ಎಂದಾಗಿ ಜಗಳದ ಅರ್ಥ ಪಡೆದಿದೆ. ನಮ್ಮ ತಕ್ರಾರ್ ಕೂಡ ಎಷ್ಟೋ ಸಲ ತಕರಾರಿನಲ್ಲೇ ಮುಗಿಯುತ್ತಿತ್ತು! "ಉಸ್ತಾನಿ ಹಾಗೆ ಹೇಳಲಿಲ್ಲ", "ಹಾಗೆಯೇ ಹೇಳಿದ್ದು" ಎಂದು ವಾದ. ಆ ವಾದದಲ್ಲಿ ಪಾಠ ತಲೆಯಲ್ಲಿ ಗಟ್ಟಿಯಾಗುತ್ತಿತ್ತು. ಮರುದಿನದಿಂದ ನನ್ನ ವೀಡಿಯೋ ಕೋಣೆಯಲ್ಲೂ ತಕ್ರಾರ್ ಶುರುವಾಯಿತು.

ಈಗ ನಮ್ಮ ಪದ್ಧತಿ ಹೀಗಿದೆ. ವೀಡಿಯೋ ಹಚ್ಚುವ ಮೊದಲೇ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆಯುತ್ತೇನೆ. ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ತೋರಿಸುವುದಿಲ್ಲ, ಅದರಲ್ಲೂ ಎರಡು ಮೂರು ಕಡೆ ನಿಲ್ಲಿಸುತ್ತೇನೆ. ಎಷ್ಟೋ ಸಲ ದನಿಯನ್ನು ಪೂರ್ತಿ ತೆಗೆದುಬಿಡುತ್ತೇನೆ. ವೀಡಿಯೋದ ಕನ್ನಡ ಪುಸ್ತಕದ ಕನ್ನಡ. ನನ್ನ ತರಗತಿಯ ಅರ್ಧ ಮಕ್ಕಳ ಮನೆಮಾತು ದಖನಿ ಉರ್ದು, ಉಳಿದವರದು ಹುಬ್ಬಳ್ಳಿ ಕನ್ನಡ. ಚಿತ್ರ ವೀಡಿಯೋದ್ದು, ಮಾತು ನನ್ನದು. ಬಳಿಕ ಇಬ್ಬಿಬ್ಬರ ತಕ್ರಾರ್. ಕೊನೆಗೆ ಕಾಳೋ, ಕಲ್ಲೋ, ಎಲೆಯೋ, ಕೈಯಿಂದ ಮುಟ್ಟುವ ಏನಾದರೊಂದು ವಸ್ತು.

ದೃಶ್ಯ ಪಾಠಗಳ ಬಗ್ಗೆ ಬಹಳ ವರ್ಷ ಸಂಶೋಧನೆ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಕೂಡ ಇಂಥದನ್ನೇ ಹೇಳಿದ್ದಾರೆಂದು ಆಮೇಲೆ ಓದಿದೆ. ಪಾಠವನ್ನು ಸಣ್ಣ ತುಣುಕುಗಳಾಗಿ ಮಾಡಿ, ಕಲಿಯುವವರ ವೇಗಕ್ಕೆ ತಕ್ಕಂತೆ ನಿಲ್ಲಿಸಿ ತೋರಿಸಿದರೆ ಹೆಚ್ಚು ತಲೆಗೆ ಹೋಗುತ್ತದೆ. ಪಾಠಕ್ಕೆ ಬೇಡದ ಸಂಗೀತ, ಅಲಂಕಾರಗಳು ಕಲಿಕೆಗೆ ಅಡ್ಡಿ. ಬಾಯಲ್ಲಿ ಸಂಗೀತ ನುಡಿಸಿದ ನನ್ನ ಹುಡುಗ ನೆನಪಾಗಿ ನಗು ಬಂತು.

ಎರಡು ನೀಲಿ ಗೆರೆಗಳು

ಇಷ್ಟೆಲ್ಲ ಕಲಿತೆ ಎಂದುಕೊಂಡಿದ್ದೆ. 2020 ಬಂತು. ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಜುಲೈ 20ರಿಂದ ದೂರದರ್ಶನ ಚಂದನದಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಗಳಿಗೆ 'ಸಂವೇದ' ಪಾಠಗಳು ಶುರುವಾದವು. ನನಗೆ ಆ ವರ್ಷ ಎಂಟನೇ ತರಗತಿ. ನಾನು ಪ್ರತಿದಿನ ಬೆಳಗ್ಗೆ ಒಂದು ಸಣ್ಣ ವೀಡಿಯೋ ಆರಿಸಿ ಪ್ರತಿ ಮಗುವಿನ ಮನೆಯ ನಂಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದೆ. ರಾತ್ರಿ ಮಲಗುವ ಮುಂಚೆ ನೋಡಿದರೆ ಹೆಚ್ಚಿನವರ ಹೆಸರಿನ ಮುಂದೆ ಎರಡು ನೀಲಿ ಗೆರೆ. ಅಲ್‌ಹಮ್ದುಲಿಲ್ಲಾಹ್, ಮಕ್ಕಳು ನೋಡುತ್ತಿದ್ದಾರೆ ಎಂದು ನೆಮ್ಮದಿಯಿಂದ ಮಲಗುತ್ತಿದ್ದೆ.

2021ರ ಜನವರಿಯಲ್ಲಿ ಮಕ್ಕಳು ಶಾಲೆಗೆ ಬರತೊಡಗಿದರು. ಒಬ್ಬ ಹುಡುಗಿ ಬರಲಿಲ್ಲ. ಹೆಸರು ಬೇಡ. ಚುರುಕಾದ ಮಗು. ಹಿಂದೆ ತಕ್ರಾರ್‌ನಲ್ಲಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದವಳು. ಹತ್ತು ದಿನ ಕಾದು ಅವಳ ಮನೆಗೆ ಹೋದೆ. ಶಾಲೆಯಿಂದ ಹತ್ತು ನಿಮಿಷದ ದಾರಿ.

ಅವಳು ಬಾಗಿಲ ಬಳಿ ಕೂತು ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಸುತ್ತ ಹತ್ತಿಪ್ಪತ್ತು ಸೀರೆಗಳ ರಾಶಿ. ನನ್ನನ್ನು ಕಂಡು ಎದ್ದು ಸಲಾಮ್ ಹೇಳಿದಳು. ತಾಯಿ ಚಹಾ ಮಾಡಿದರು. "ನಾನು ಕಳಿಸಿದ ವೀಡಿಯೋ ನೋಡಿದೆಯಲ್ಲ, ಬೇಟಾ?" ಎಂದೆ. ಅವಳು ತಾಯಿಯ ಮುಖ ನೋಡಿದಳು. ಮನೆಗೆ ಇದ್ದದ್ದು ಒಂದೇ ಫೋನು, ಅದು ಅಣ್ಣನದು. ಅವನು ಬೆಳಗ್ಗೆ ಕೆಲಸಕ್ಕೆ ತೆಗೆದುಕೊಂಡು ಹೋಗಿ ರಾತ್ರಿ ತರುತ್ತಿದ್ದ. ಬಂದ ಮೆಸೇಜುಗಳನ್ನೆಲ್ಲ ಒಮ್ಮೆ ಒತ್ತಿ ತೆರೆದು ಮುಚ್ಚುತ್ತಿದ್ದ. ಆ ನೀಲಿ ಗೆರೆಗಳು ಅವನವು. ಅವಳು ಒಂದೇ ಒಂದು ವೀಡಿಯೋವನ್ನೂ ನೋಡಿರಲಿಲ್ಲ.

ಸಹೋದರಿಯರೇ, ಅಷ್ಟು ತಿಂಗಳುಗಳಲ್ಲಿ ನಾನು ಒಂದು ಸಲವಾದರೂ ಫೋನ್ ಮಾಡಿ, "ಬೇಟಾ, ಇವತ್ತು ಏನು ನೋಡಿದೆ?" ಎಂದು ಕೇಳಿರಲಿಲ್ಲ. ಆ ಅಣ್ಣನನ್ನು ನಾನು ದೂರುವುದಿಲ್ಲ. ಅವನು ಆಗ ಇಡೀ ಮನೆಯ ಹೊಟ್ಟೆ ಹೊರೆಯುತ್ತಿದ್ದ. ತಪ್ಪು ನನ್ನದು. ತರಗತಿಯಲ್ಲಿ ಮೌನವನ್ನು ಕಲಿಕೆ ಎಂದುಕೊಂಡ ಹಾಗೆ ಇಲ್ಲಿ ಎರಡು ಗೆರೆಗಳನ್ನು ಕಲಿಕೆ ಎಂದುಕೊಂಡೆ.

ಅದೇ ದಿನ ಪಕ್ಕದ ಓಣಿಯಲ್ಲಿ ಇನ್ನೊಂದನ್ನು ಕಂಡೆ. ಅಲ್ಲಿ ಒಬ್ಬ ವೃದ್ಧೆಯ ಮನೆಯಲ್ಲಿ ಹಳೆಯ ಟಿವಿ. ಓಣಿಯ ಐದು ಹುಡುಗಿಯರು ಬಾಯಿಗೆ ಬಟ್ಟೆ ಕಟ್ಟಿಕೊಂಡು, ದೂರ ದೂರ ಕೂತು, ತಿಂಗಳುಗಟ್ಟಲೆ ಅಲ್ಲೇ ಸಂವೇದ ಪಾಠ ನೋಡಿದ್ದರು. ಆ ಅಜ್ಜಿಗೆ ಕನ್ನಡ ಓದಲು ಬಾರದು. ಆದರೆ ಪಾಠ ಮುಗಿದ ಕೂಡಲೇ, "ಈಗ ಹೇಳಿ, ಏನು ಕಲಿಸಿದರು?" ಎಂದು ದಿನಾ ಕೇಳುತ್ತಿದ್ದರಂತೆ. ಹುಡುಗಿಯರು ಅವರಿಗೆ ದಖನಿಯಲ್ಲಿ ಬಿಡಿಸಿ ಹೇಳಬೇಕು. ಅರ್ಥವಾಗದಿದ್ದರೆ ಅಜ್ಜಿ ಬಿಡುತ್ತಿರಲಿಲ್ಲ. ಶಾಲೆಗೆ ಬಂದಾಗ ಆ ಐವರೂ ಉಳಿದವರಿಗಿಂತ ಮುಂದಿದ್ದರು. ಆ ಅಜ್ಜಿ ನನಗಿಂತ ಒಳ್ಳೆಯ ಶಿಕ್ಷಕಿ!

ನನ್ನ ಹುಡುಗಿ ಫೆಬ್ರವರಿಯಲ್ಲಿ ಶಾಲೆಗೆ ಮರಳಿದಳು. ಅದಕ್ಕಾಗಿ ನಾಲ್ಕು ಸಲ ಅವಳ ಮನೆಗೆ ಹೋದೆ. ಹತ್ತನೇ ತರಗತಿಯನ್ನು ಎರಡನೇ ಪ್ರಯತ್ನದಲ್ಲಿ ಪಾಸು ಮಾಡಿದಳು. ಅದೇ ಓಣಿಯ ಇನ್ನಿಬ್ಬರು ಹುಡುಗಿಯರು ಮರಳಲೇ ಇಲ್ಲ. ಆ ಓಣಿಯಲ್ಲಿ ನಡೆಯುವಾಗ ಈಗಲೂ ಅವರ ಬಾಗಿಲ ಕಡೆ ನೋಡುವ ಧೈರ್ಯ ನನಗಿಲ್ಲ.

ತಾಯಂದಿರಲ್ಲಿ ಒಂದು ಮಾತು

"ಮನೆಯಲ್ಲಿ ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವುದರಲ್ಲೇ ನಮಗೆ ಸಾಕಾಗಿದೆ, ಶಾಲೆಯಲ್ಲೂ ಅದನ್ನೇ ತೋರಿಸುತ್ತೀರಾ?" ಎಂದು ತಾಯಂದಿರು ನನ್ನನ್ನು ಕೇಳುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಇವತ್ತು ಪಠ್ಯಪುಸ್ತಕದಲ್ಲೇ ಪಾಠದ ಪಕ್ಕ ಚೌಕಾಕಾರದ ಕ್ಯೂಆರ್ ಕೋಡ್ ಇರುತ್ತದೆ. 2017ರಲ್ಲಿ ಬಂದ 'ದೀಕ್ಷಾ' ಆ್ಯಪ್ ತೆರೆದು ಅದಕ್ಕೆ ಹಿಡಿದರೆ ಆ ಪಾಠಕ್ಕೆ ಸಂಬಂಧಿಸಿದ ವೀಡಿಯೋಗಳು ಸಿಗುತ್ತವೆ. ಪರದೆಯನ್ನು ಮನೆಯಿಂದ ಪೂರ್ತಿ ಹೊರಗಿಡುವುದು ಇನ್ನು ಸಾಧ್ಯವಿಲ್ಲ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮಗು ಪಾಠದ ವೀಡಿಯೋ ನೋಡುವಾಗ, ಆಗದಿದ್ದರೆ ನೋಡಿ ಮುಗಿಸಿದ ಮೇಲಾದರೂ, ಐದು ನಿಮಿಷ ಪಕ್ಕದಲ್ಲಿ ಕೂರಿ. "ನನಗೂ ಹೇಳು" ಎನ್ನಿ. ನಿಮಗೆ ಆ ವಿಷಯ ಗೊತ್ತಿರಬೇಕಾಗಿಲ್ಲ, ಓದು ಬರಬೇಕೆಂದೂ ಇಲ್ಲ. ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಮಗು ಬಿಡಿಸಿ ಹೇಳಬೇಕಾಗುತ್ತದೆ. ಪರದೆಯಲ್ಲಿ ಕಂಡದ್ದು ನಿಮ್ಮ ಅಡುಗೆಮನೆಯಲ್ಲಿದ್ದರೆ ಅದನ್ನು ಮಗುವಿನ ಕೈಗೆ ಕೊಡಿ. ಮತ್ತು ಮನೆಯಲ್ಲಿ ಒಂದೇ ಫೋನ್ ಇದ್ದರೆ, ಮಗನಿಗೆ ಅರ್ಧ ಗಂಟೆಯಾದರೆ ಮಗಳಿಗೂ ಅರ್ಧ ಗಂಟೆ. ಈ ಲೆಕ್ಕವನ್ನು ತಾಯಿಯೇ ಇಡಬೇಕು.

ನಮ್ಮ ವೀಡಿಯೋ ಕೋಣೆಯ ನೀಲಿ ಚಾದರ ಈಗ ಮಾಸಿದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಅದೇ ತಾಯಿ ಒಯ್ದು ಒಗೆದು ತಂದು ಕೊಡುತ್ತಾರೆ, ಅವರ ಮಗಳು ಶಾಲೆ ಬಿಟ್ಟು ವರ್ಷಗಳಾದರೂ. ನೀವು ಹುಬ್ಬಳ್ಳಿಗೆ ಬಂದಾಗ ಉಣಕಲ್ ಕೆರೆ ನೋಡಿಕೊಂಡು ಮಧ್ಯಾಹ್ನದ ಮೇಲೆ ನಮ್ಮ ಶಾಲೆಗೂ ಬನ್ನಿ. ವೀಡಿಯೋ ಐದು ನಿಮಿಷದಲ್ಲಿ ಮುಗಿದಿರುತ್ತದೆ. ಮಕ್ಕಳ ತಕರಾರು ಮಾತ್ರ, ಇನ್‌ಶಾ ಅಲ್ಲಾಹ್, ಓಣಿಯ ತುದಿಗೇ ಕೇಳಿಸುತ್ತದೆ.